ಸೇನೆಯ ಹಳೆಯ ನಿಸ್ತಂತು ಯಂತ್ರಗಳೂ ಅವುಗಳ ವಿದ್ಯುತ್ಕೋಶಗಳೂ: ಗೌರಿಬಿದನೂರು ಸೀಮೆಯನ್ನು ಕುರಿತ ಒಂದು ವಿಚಾರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳು ಚರಿತ್ರಕಾರರಿಗೆ ಪರಿಚಿತವಾಗಿರುವುದು ಮುಖ್ಯವಾಗಿ ಅಲ್ಲಿಯ ಶಿಲಾಶಾಸನಗಳ ಮೂಲಕ. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳ ಶಾಸನಗಳು ಅಚ್ಚಾಗಿವೆ. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದ ಮೇಲೂ ಈ ಸೀಮೆಯ ಪೂರ್ವಚರಿತ್ರೆಯನ್ನು ಬರೆಯುವವರು ಮೊದಲು ತೆರೆಯುವುದು ಆ ಸಂಪುಟವನ್ನೇ. ಇದೇ ನೆಲದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೊಂದು ಬಗೆಯ ಲೇಖಸಂಗ್ರಹವು ಬೆಳೆದುದನ್ನು ನಮ್ಮ ಪಂಡಿತರು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಭೂಕಂಪನ ಮಾಪಕಗಳ ಶ್ರೇಣಿಯು ಚುಂಬಕ ಲೇಪನವುಳ್ಳ ಫೀತೆಗಳ ಮೇಲೆ ಬರೆದಿಟ್ಟ ದಾಖಲೆಯೇ ಅದು. ಶಾಸನವನ್ನು ಓದುವುದಕ್ಕೆ ಹಗಲಿನ ಬೆಳಕು ಸಾಕು; ಈ ದಾಖಲೆಯನ್ನು ಓದುವುದಕ್ಕೆ ಯಂತ್ರವು ಬೇಕು, ಆ ಯಂತ್ರಕ್ಕೆ ತಕ್ಕ ವಿದ್ಯುತ್ತು ಬೇಕು.

ಆದುದರಿಂದ ಪ್ರಸ್ತುತ ಲೇಖನದಲ್ಲಿ ವಿಚಾರಮಾಡತಕ್ಕ ವಿಷಯವು ಇದು: ಸೇನೆಯ ಉಪಯೋಗಕ್ಕಾಗಿ ರಚಿತವಾದ ಹಳೆಯ ನಿಸ್ತಂತು ಮೊದಲಾದ ಯಂತ್ರಗಳಿಗೆ ಅವುಗಳ ಮೂಲ ವಿದ್ಯುತ್ಕೋಶಗಳು ಈಗ ದೊರೆಯದೆ ಇರುವಾಗ, ಬೇರೆ ಮೂಲದಿಂದ ಶಕ್ತಿಯನ್ನು ಒದಗಿಸಿ ಅವುಗಳನ್ನು ಮಾತನಾಡಿಸುವುದು ಯುಕ್ತವೆ? ಯುಕ್ತವಾದರೆ ಅದರ ಮಿತಿಯೇನು? ಮೇಲುನೋಟಕ್ಕೆ ಇದು ಕುಶಲಕರ್ಮಿಗಳ ಪ್ರಶ್ನೆಯಂತೆ ಕಂಡರೂ ವಾಸ್ತವವಾಗಿ ಗ್ರಂಥಸಂಪಾದಕರ ಪ್ರಶ್ನೆಗೆ ಬಹಳ ಹತ್ತಿರವಾದುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿ ಒಬ್ಬರು. ಪಂಪಭಾರತದ ಪರಿಷ್ಕರಣದಲ್ಲಿ ಮುಂದಾಳಾಗಿ ನಿಂತವರೂ ಅವರೇ. ಇವೆರಡು ವಿದ್ಯೆಗಳು ಒಂದೇ ಮೇಜಿನ ಮೇಲೆ ಕೂಡಿರಬಾರದೆಂಬ ನಿಯಮವೇನೂ ನಮ್ಮಲ್ಲಿ ಇರಲಿಲ್ಲ.

ಮೊದಲು ಶಬ್ದದ ವಿಚಾರವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ವಿದ್ಯುತ್ಕೋಶವೆಂಬುದು ಪಾಠಪುಸ್ತಕದ ಮಾತು. ಹಳ್ಳಿಗಳಲ್ಲಿ ಕೈದೀಪಕ್ಕೇ 'ಬ್ಯಾಟರಿ' ಎಂದು ಹೆಸರಾಗಿ, ಅದರೊಳಗೆ ಹಾಕುವ ಕೋಶವು 'ಶೆಲ್ಲು' ಆಯಿತು. ಶಾಸ್ತ್ರಪ್ರಕಾರ ಒಂದೊಂದು ಘಟಕವು ಕೋಶ, ಹಲವು ಕೋಶಗಳ ಸಾಲು ಬ್ಯಾಟರಿ. ಜನರ ಬಳಕೆಯಲ್ಲಿ ಹೆಸರು ಸ್ಥಾನಪಲ್ಲಟವಾದರೂ, ಒಳಗಿನ ಘಟಕಕ್ಕೂ ಸಮುದಾಯಕ್ಕೂ ಬೇರೆ ಬೇರೆ ಹೆಸರು ಬೇಕೆಂಬ ವಿವೇಕವು ತಪ್ಪಲಿಲ್ಲ. ಮುಂದೆ ಈ ಲೇಖನದಲ್ಲಿ ಶಾಸ್ತ್ರದ ಅರ್ಥವನ್ನೇ ಅನುಸರಿಸಿದೆ.

ಹಳೆಯ ನಿಸ್ತಂತು ಯಂತ್ರಗಳ ಜೀವಾಳವು ವಾಲ್ವು. ಫ್ಲೆಮಿಂಗನು 1904ರಲ್ಲಿ ಎರಡು ಅಂಗಗಳುಳ್ಳ ವಾಲ್ವನ್ನೂ, ಡಿ ಫಾರೆಸ್ಟನು 1906ರಲ್ಲಿ ಮೂರನೆಯ ಅಂಗವನ್ನು ಸೇರಿಸಿ ಅದರ ಮುಂದಿನ ರೂಪವನ್ನೂ ರಚಿಸಿದರು. ಗಾಜಿನ ಬುರುಡೆಯೊಳಗಿನ ತಂತುವು ಕಾದರೆ ಅದರಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಎದುರಿನ ಫಲಕವು ಅವನ್ನು ಸೆಳೆಯುತ್ತದೆ. ನಡುವಣ ಜಾಲರಿಯು ಅವುಗಳ ಹರಿವನ್ನು ತಡೆದು ಬಿಟ್ಟು ನಿಯಂತ್ರಿಸುತ್ತದೆ. ಈ ಮೂರು ಕಾರ್ಯಗಳಿಗೆ ಮೂರು ಬಗೆಯ ಶಕ್ತಿಯು ಬೇಕಾಯಿತು. ತಂತುವನ್ನು ಕಾಯಿಸುವುದಕ್ಕೆ ಒಂದೂವರೆ ವೋಲ್ಟಿನಿಂದ ಹನ್ನೆರಡು ವೋಲ್ಟಿನವರೆಗೆ ಒತ್ತಡ ಸ್ವಲ್ಪವಾದರೂ ಪ್ರವಾಹವು ಹೆಚ್ಚಾಗಿ ಬೇಕು; ಫಲಕಕ್ಕೆ ಪ್ರವಾಹವು ಅತ್ಯಲ್ಪವಾದರೂ ಒತ್ತಡವು 90, 150, ಕೆಲವೆಡೆ 250 ವೋಲ್ಟಿಗೂ ಮೀರಿ ಬೇಕು; ಜಾಲರಿಗೆ ಕೆಲವು ವೋಲ್ಟುಗಳ ಋಣ ಒತ್ತಡವಿದ್ದರೆ ಸಾಕು. ಮನೆಯ ಬಾನುಲಿಯಾದರೆ ಗೋಡೆಯ ತಂತಿಯಿಂದ ಇವೆಲ್ಲವನ್ನೂ ಪಡೆಯಬಹುದು. ಕಾಡಿನಲ್ಲಿ ನಡೆಯುವ ಸಿಪಾಯಿಗೆ ಗೋಡೆಯೆಲ್ಲಿಂದ ಬರಬೇಕು? ಆದಕಾರಣ ಸೇನೆಯ ಯಂತ್ರವೆಂದರೆ ಅರ್ಧ ಯಂತ್ರ, ಅರ್ಧ ಬ್ಯಾಟರಿ.

ಎರಡನೆಯ ಮಹಾಯುದ್ಧದ ಕಾಲದ ಎರಡು ಅಮೆರಿಕನ್ ಯಂತ್ರಗಳನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಕೈಯಲ್ಲಿ ಹಿಡಿದು ಮಾತನಾಡುವ ಬಿ.ಸಿ. 611 ಎಂಬ ಯಂತ್ರಕ್ಕೆ ತಂತುವಿಗಾಗಿ 1.5 ವೋಲ್ಟಿನ ಬಿ.ಎ. 37, ಫಲಕಕ್ಕಾಗಿ 103.5 ವೋಲ್ಟಿನ ಬಿ.ಎ. 38 ಎಂಬ ಎರಡು ಕೋಶಸಾಧನಗಳು ನಿಯತವಾಗಿದ್ದುವು. ಒಂದು ಒಣಕೋಶದ ಒತ್ತಡವು 1.5 ವೋಲ್ಟಾದುದರಿಂದ ಎರಡನೆಯದರಲ್ಲಿ 69 ಪುಟ್ಟ ಕೋಶಗಳು ಸಾಲಾಗಿ ಜೋಡಿಸಲ್ಪಟ್ಟಿದ್ದುವೆಂದು ಲೆಕ್ಕವು ತಾನಾಗಿ ತಿಳಿಸುತ್ತದೆ. ಬೆನ್ನಿನ ಮೇಲೆ ಹೊರುವ ಬಿ.ಸಿ. 1000 ಎಂಬುದಕ್ಕೆ ಬಿ.ಎ. 70 ಎಂಬ ಒಂದೇ ಪೆಟ್ಟಿಗೆಯಿಂದ 4.5 ವೋಲ್ಟೂ, 90 ವೋಲ್ಟೂ, ಅದರ ಮೇಲೆ ಇನ್ನೂ 60 ವೋಲ್ಟೂ ದೊರೆಯುತ್ತಿದ್ದುವು. ಬ್ರಿಟಿಷರ ಹತ್ತೊಂಬತ್ತನೆಯ ಸಂಖ್ಯೆಯ ಯಂತ್ರವು ರಣಗಾಡಿಗಳಿಗಾಗಿ ನಿರ್ಮಿತವಾದುದು. ಭಾರತೀಯ ಸೇನೆಯಲ್ಲಿಯೂ ಅದು ಬಳಕೆಯಲ್ಲಿತ್ತು. ಕೆನಡದಲ್ಲಿ ತಯಾರಾದ ಕೆಲವು ಪ್ರತಿಗಳ ಮುಖಫಲಕದ ಮೇಲೆ ಇಂಗ್ಲಿಷಿನೊಡನೆ ರಷ್ಯನ್ ಅಕ್ಷರಗಳೂ ಇರುವುವು. ದ್ವಿಭಾಷಾ ಶಾಸನಗಳನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಈ ಯಂತ್ರವು 12 ವೋಲ್ಟಿನ ಸೀಸದ ಸಂಗ್ರಾಹಕದಿಂದ ನಡೆಯುತ್ತಿತ್ತು. ಅದರ ಶಕ್ತಿಯಿಂದ ಒಂದು ಮೋಟಾರು ತಿರುಗಿ, ಅದೇ ಅಕ್ಷದ ಮೇಲಿನ ಉತ್ಪಾದಕವು ಫಲಕಕ್ಕೆ ಬೇಕಾದ ಉನ್ನತ ಒತ್ತಡವನ್ನು ಕೊಡುತ್ತಿತ್ತು. ಇದಕ್ಕೆ ಡೈನಮೋಟಾರೆಂದು ಹೆಸರು.

ಕೋಶವಿಲ್ಲದೆ ಶಕ್ತಿಯನ್ನು ಪಡೆಯುವ ಪ್ರಯತ್ನವು ಇಂದಿನದಲ್ಲ. ಆಸ್ಟ್ರೇಲಿಯದಲ್ಲಿ ಟ್ರೇಗರನು 1929ರ ಹೊತ್ತಿಗೆ ಕಾಲಿನಿಂದ ತುಳಿಯುವ ಉತ್ಪಾದಕವನ್ನು ಬಳಕೆಗೆ ತಂದು, ಮರುಭೂಮಿಯ ಒಂಟಿ ಮನೆಗಳಿಗೂ ವೈದ್ಯರಿಗೂ ಸಂಪರ್ಕವನ್ನು ಕಲ್ಪಿಸಿದನು. ಸೇನೆಗಳು ಇದರ ಕೈಯ ರೂಪವನ್ನು ಹಿಡಿದುವು: ಒಬ್ಬ ಸಿಪಾಯಿಯು ಪುಟ್ಟ ಪೀಠದ ಮೇಲೆ ಕುಳಿತು ಎರಡು ಹಿಡಿಗಳನ್ನು ತಿರುಗಿಸುತ್ತಿರುವಾಗ ಮತ್ತೊಬ್ಬನು ಸಂದೇಶವನ್ನು ಕಳುಹುತ್ತಿದ್ದನು. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಚರಕವನ್ನು ಕಂಡವರಿಗೆ ಆ ಶ್ರಮದ ಸ್ವರೂಪವು ಸುಲಭವಾಗಿ ಮನಸ್ಸಿಗೆ ಬರುವುದು. (ಪ್ರಸಂಗವಶಾತ್ ಹೇಳುವುದಾದರೆ, ಆ ಯುದ್ಧದಲ್ಲಿ ಮೈಸೂರು ಸೀಮೆಯ ರೇಷ್ಮೆಗೆ ವಿಮಾನದಿಂದಿಳಿಯುವ ಕೊಡೆಗಳ ನಿಮಿತ್ತವಾಗಿ ಬೇಡಿಕೆಯು ಏರಿತು, ನಿಸ್ತಂತು ಯಂತ್ರಗಳ ಸುರುಳಿಗಳಲ್ಲಿಯೂ ರೇಷ್ಮೆ ಸುತ್ತಿದ ತಾಮ್ರದ ತಂತಿಯನ್ನು ಬಳಸುತ್ತಿದ್ದರು.) ಸಿಂಗಪುರವು 1942ರ ಫೆಬ್ರುವರಿ 15ರಂದು ಬಿದ್ದಾಗ ಮೈಸೂರು ಸಂಸ್ಥಾನದ ಪದಾತಿದಳವೂ ಸೆರೆಸಿಕ್ಕಿದವರಲ್ಲಿ ಸೇರಿತ್ತು. ಜಪಾನೀಯರ ಸೆರೆಶಿಬಿರಗಳಲ್ಲಿ ಬಾನುಲಿಯನ್ನು ಇಟ್ಟುಕೊಳ್ಳುವುದು ಪ್ರಾಣಾಪಾಯದ ಕಾರ್ಯ. ಆದರೂ ಬೋರ್ನಿಯೋ ದ್ವೀಪದ ಕುಚಿಂಗಿನ ಬಳಿಯ ಬಾಟು ಲಿಂಟಾಂಗ್ ಶಿಬಿರದಲ್ಲಿ ಬ್ರಿಟಿಷ್ ಸೆರೆಯಾಳುಗಳು 1943ರಲ್ಲಿ ಗುಟ್ಟಾಗಿ ಒಂದು ಗ್ರಾಹಕಯಂತ್ರವನ್ನು ಕಟ್ಟಿ ಅದಕ್ಕೆ 'ಮುದುಕಿ' ಎಂಬರ್ಥದ ಗುಪ್ತನಾಮವನ್ನಿಟ್ಟರು; ಕೈಯಿಂದ ತಿರುಗಿಸುವ ಉತ್ಪಾದಕವೊಂದನ್ನೂ ಕಟ್ಟಿ ಅದಕ್ಕೆ 'ಜಿನ್ನಿ' ಎಂದು ಹೆಸರಿಟ್ಟರು. ಮೂಲ ಕೋಶವಿಲ್ಲದ ಯಂತ್ರವನ್ನು ನಡೆಸುವ ವಿದ್ಯೆಯು ಹೀಗೆ ಯುದ್ಧದ ನಡುವೆಯೇ ಬೆಳೆದುದು.

ಉಷ್ಣದೇಶಗಳಲ್ಲಿ ಒಣಕೋಶಗಳ ಬಾಳು ಅಲ್ಪ. ಸತುವಿನ ಡಬ್ಬಿ, ನಡುವೆ ಇಂಗಾಲದ ಕಡ್ಡಿ, ಸುತ್ತ ಮ್ಯಾಂಗನೀಸಿನ ಕಪ್ಪು ಪುಡಿ, ನವಸಾಗರದ ಸರಿ: 1866ರಲ್ಲಿ ಲೆಕ್ಲಾಂಷೆಯು ರಚಿಸಿದ ಕೋಶದ ಒಣರೂಪವಿದು. ಸೆಕೆಯಲ್ಲಿ ಒಳಗಿನ ತೇವವು ಆರುವುದು, ಸತುವು ಕೆಲಸವಿಲ್ಲದೆಯೂ ಸವೆಯುವುದು. ಈ ಕೊರತೆಯನ್ನು ನೀಗುವುದಕ್ಕಾಗಿಯೇ ಸಾಮ್ಯುಯಲ್ ರೂಬೆನನು 1942ರಲ್ಲಿ ಅಮೆರಿಕದ ಸೇನೆಗೆ ಪಾದರಸದ ಕೋಶವನ್ನು ಸಿದ್ಧಪಡಿಸಿದನು. ಅದರ ಒತ್ತಡವು 1.35 ವೋಲ್ಟು, ಕಡೆಯವರೆಗೂ ಹೆಚ್ಚು ಕುಗ್ಗದೆ ನಿಲ್ಲುವುದು ಅದರ ಗುಣ.

ಯುದ್ಧಾನಂತರ ಈ ಯಂತ್ರಗಳು ಡಿಸ್ಪೋಸಲ್ಸ್ ಇಲಾಖೆಯ ಮೂಲಕ ಮಾರಾಟವಾಗಿ ಕಾಲೇಜುಗಳ ಪ್ರಯೋಗಶಾಲೆಗಳಿಗೂ ಹವ್ಯಾಸಿಗಳ ಮನೆಗಳಿಗೂ ಬಂದುವು. ಬೆಂಗಳೂರಿನ ಹವ್ಯಾಸಿ ರೇಡಿಯೋ ಸಂಘವು 1959ರಲ್ಲಿ ಸ್ಥಾಪಿತವಾಯಿತು. ಆ ತಲೆಮಾರಿನವರು ಇಂತಹ ಯಂತ್ರಗಳನ್ನು ಬಿಚ್ಚಿ ಜೋಡಿಸಿಯೇ ವಿದ್ಯೆಯನ್ನು ಕಲಿತರು. 1954ರಲ್ಲಿ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಫ್ರಾನ್ಸ್ ದೇಶದ ಸಿ.ಎಸ್.ಎಫ್. ಎಂಬ ಸಂಸ್ಥೆಯ ಸಹಕಾರದಿಂದ ಸ್ಥಾಪಿತವಾಗಿ, 1961ರಲ್ಲಿ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಮ್ಮಿನ ಅರೆವಾಹಕಗಳನ್ನೂ ತಯಾರಿಸತೊಡಗಿತು. ಈ ಎರಡು ವರ್ಷಗಳು ಒಂದರ ಬೆನ್ನಿಗೊಂದು ಬಂದುದು ಗಮನಾರ್ಹ. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರಿಗೆ ಕಾಯಿಸುವ ತಂತುವೂ ಬೇಡ, ನೂರು ವೋಲ್ಟೂ ಬೇಡ. ಅದು ಹರಡಿದಂತೆಲ್ಲ 69 ಕೋಶಗಳ ಬ್ಯಾಟರಿಯನ್ನು ಕೊಳ್ಳುವವರು ಇಲ್ಲದಾಗಿ ತಯಾರಿಕೆಯೂ ನಿಂತಿತು. ಗೋದಾಮಿನ ಮೂಲೆಯಲ್ಲಿ ಬಳಸದೆ ಉಳಿದ ಒಂದು ಪೆಟ್ಟಿಗೆಯು ಸಿಕ್ಕಿದರೂ ಅದರೊಳಗಿನ ಕೋಶಗಳು ಎಂದೋ ಒಣಗಿ ಸತ್ತಿರುತ್ತವೆ. ಪಾದರಸದ ಕೋಶಗಳ ಗತಿಯು ಬೇರೆ: ಪಾದರಸದ ವಿಷವನ್ನು ತಡೆಯುವುದಕ್ಕಾಗಿ 2013ರಲ್ಲಿ ಆದ ಮಿನಮಾಟ ಒಪ್ಪಂದವು 2017ರಲ್ಲಿ ಜಾರಿಗೆ ಬಂದ ಮೇಲೆ ಅವು ಮಾರುಕಟ್ಟೆಗೆ ಮರಳುವ ಸಂಭವವೇ ಇಲ್ಲವಾಯಿತು.

ಇನ್ನು ಪರ್ಯಾಯಗಳ ವಿಚಾರ. ಅತ್ಯಂತ ಸರಳವಾದುದು ಇಂದಿನ 9 ವೋಲ್ಟಿನ ಚಿಕ್ಕ ಬ್ಯಾಟರಿಗಳನ್ನು ಒಂದರ ತಲೆಗೆ ಮತ್ತೊಂದರ ಬಾಲವನ್ನು ಜೋಡಿಸಿ ಸಾಲುಮಾಡುವುದು. ಹತ್ತನ್ನು ಜೋಡಿಸಿದರೆ 90 ವೋಲ್ಟು. 103.5 ವೋಲ್ಟಿಗೆ ಲೆಕ್ಕದಂತೆ ಹನ್ನೊಂದೂವರೆ ಬೇಕಾದರೂ, ಹೊಸ ಬ್ಯಾಟರಿಗಳು 9ಕ್ಕಿಂತ ಸ್ವಲ್ಪ ಹೆಚ್ಚಿನ ಒತ್ತಡವನ್ನೇ ಕೊಡುವುದರಿಂದ ಹನ್ನೊಂದು ಸಾಕಾಗುವುವು. ತಂತುವಿಗೆ ದೊಡ್ಡ ಟಾರ್ಚಿನ ಒಂದು ಕ್ಷಾರಕೋಶವು ಒದಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. 1.4 ವೋಲ್ಟಿಗೆಂದು ಎಳೆದ ತಂತುವಿಗೆ ಈಗ ಎಲ್ಲೆಲ್ಲಿಯೂ ದೊರೆಯುವ 3.7 ವೋಲ್ಟಿನ ಲಿಥಿಯಂ ಕೋಶವನ್ನು ತಗುಲಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಸುಟ್ಟುಹೋಗುವುದು. ಆಕಾರವು ಹೊಂದಿದ ಮಾತ್ರಕ್ಕೆ ಕೋಶವು ಹೊಂದಿತೆಂದು ಭ್ರಮಿಸಬಾರದು. ಛಂದಸ್ಸಿಗೆ ಕೂಡಿಬಂದ ಮಾತ್ರಕ್ಕೆ ಪಾಠಾಂತರವನ್ನು ಮೂಲವೆಂದು ಬಗೆಯುವ ತಪ್ಪಿನಂತೆಯೇ ಇದು.

ಪಾದರಸದ ಕೋಶದ ಸ್ಥಾನದಲ್ಲಿ 1.55 ವೋಲ್ಟಿನ ಬೆಳ್ಳಿಯ ಕೋಶವನ್ನಿಟ್ಟು, ದಾರಿಯಲ್ಲಿ ಸುಮಾರು 0.2 ವೋಲ್ಟನ್ನು ನುಂಗುವ ಷಾಟ್ಕಿ ಡಯೋಡೊಂದನ್ನು ಸೇರಿಸಿದರೆ 1.35ರ ಹತ್ತಿರ ಬರುವುದು. ಹಳೆಯ ಅಳತೆಯ ಉಪಕರಣಗಳಲ್ಲಿ ಇದು ಬಹುಮುಖ್ಯ. ಏಕೆಂದರೆ ಅಲ್ಲಿ ಕೋಶದ ಒತ್ತಡವೇ ಅಳತೆಯ ಮಾನವಾಗಿರುತ್ತದೆ. ಕೋಶವು ತಪ್ಪಿದರೆ ಮುಳ್ಳು ಆಡುವುದೇನೋ ನಿಜ, ಆದರೆ ಸುಳ್ಳನ್ನು ತೋರಿಸುತ್ತದೆ.

ಮೂರನೆಯ ಮಾರ್ಗವು ಒತ್ತಡವನ್ನು ಏರಿಸುವ ಎಲೆಕ್ಟ್ರಾನಿಕ್ ಪರಿವರ್ತಕ. 12 ವೋಲ್ಟಿನ ಒಂದೇ ಮೂಲದಿಂದ 90ನ್ನೂ 150ನ್ನೂ ಪಡೆಯುವುದು ಇಂದು ಅಲ್ಪವೆಚ್ಚದ ಕೆಲಸ. ಆದರೆ ಪರಿವರ್ತಕವು ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸುವುದರಿಂದ ಗ್ರಾಹಕದ ಕಿವಿಯಲ್ಲಿ ಗುಯ್ಗುಡುವ ಸದ್ದು ತುಂಬುತ್ತದೆ. ಡೈನಮೋಟಾರಿಗೂ, ಕಂಪಿಸುವ ನಾಲಗೆಯ ವೈಬ್ರೇಟರು ಪೆಟ್ಟಿಗೆಗೂ ಇದೇ ದೋಷವಿದ್ದು, ಆ ಕಾಲದ ರಚಕರು ಲೋಹದ ಕವಚದಿಂದಲೂ ಶೋಧಕ ಸುರುಳಿಗಳಿಂದಲೂ ಅದನ್ನು ಅಡಗಿಸುತ್ತಿದ್ದರು. ಇನ್ನೊಂದು ವಿಷಯವನ್ನು ಅನೇಕರು ಮರೆಯುತ್ತಾರೆ. ಹಳೆಯ ಒಣಬ್ಯಾಟರಿಯ ಒಳಗೇ ಸ್ವಲ್ಪ ಪ್ರತಿರೋಧವಿದ್ದು, ಯಂತ್ರದಲ್ಲಿ ಎಲ್ಲಿಯಾದರೂ ತಂತಿಗಳು ಕೂಡಿಬಿದ್ದರೆ ಪ್ರವಾಹವು ಮಿತಿಮೀರಿ ಹರಿಯುತ್ತಿರಲಿಲ್ಲ. ಈಗಿನ ಬಲವಾದ ಮೂಲಗಳಿಗೆ ಅಂತಹ ಸಂಕೋಚವಿಲ್ಲ. ಆದುದರಿಂದ ಸಣ್ಣ ಫ್ಯೂಸು ಅತ್ಯಾವಶ್ಯಕ; ಕಾಗದದ ಹಳೆಯ ಕೆಪಾಸಿಟರುಗಳು ಸೋರುತ್ತಿವೆಯೇ ಎಂದು ಪರೀಕ್ಷಿಸಿ, ಒತ್ತಡವನ್ನು ಮೆಲ್ಲಮೆಲ್ಲನೆ ಏರಿಸಬೇಕು. ನೂರು ವೋಲ್ಟಿನ ಮೇಲಿನ ಒತ್ತಡವು ಮನುಷ್ಯನಿಗೂ ಅಪಾಯಕರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವುಂಟು. ವಸ್ತುಸಂಗ್ರಹಾಲಯಕ್ಕೆ ಸೇರಿದ ಯಂತ್ರವನ್ನು ನಡೆಸಲೇಬಾರದು, ನಡೆಸಿದಷ್ಟೂ ಸವೆಯುವುದು, ಉರಿದುಹೋದ ವಾಲ್ವು ಮರಳಿ ಬಾರದು, ಸುಮ್ಮನೆ ನೋಡುವುದಕ್ಕಿಟ್ಟರೆ ಸಾಕು ಎಂದು ಕೆಲವರ ಮತ. ಇದನ್ನು ಲಘುವಾಗಿ ತಳ್ಳಿಹಾಕಲಾಗದು. ಒಂದೇ ಒಂದು ಪ್ರತಿಯು ಉಳಿದಿರುವ ಯಂತ್ರದ ವಿಷಯದಲ್ಲಿ ಈ ಮತವೇ ಸರಿಯೆಂದು ನಮಗೆ ತೋರುತ್ತದೆ. ಆದರೆ ಹಲವು ಪ್ರತಿಗಳಿರುವ ಕಡೆ ಒಂದನ್ನಾದರೂ ಮಾತನಾಡಿಸದಿದ್ದರೆ ಆ ವಸ್ತುವಿನ ಅರ್ಥವೇ ತಿಳಿಯುವುದಿಲ್ಲ. ಬೆನ್ನಮೇಲೆ ಹೊತ್ತವನಿಗೆ ದನಿಯು ಎಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು, ಬ್ಯಾಟರಿಯು ಕುಂದಿದಾಗ ಮೊದಲು ನಿಲ್ಲುತ್ತಿದ್ದುದು ಕಳುಹುವ ಭಾಗವೋ ಕೇಳುವ ಭಾಗವೋ ಎಂಬಂತಹ ಪ್ರಶ್ನೆಗಳಿಗೆ ಕಪಾಟಿನ ಗಾಜು ಉತ್ತರ ಹೇಳದು. ರಣರಂಗದ ಎಷ್ಟೋ ಆಜ್ಞೆಗಳು ತಲುಪಿದ್ದೂ ತಲುಪದೆ ಹೋದದ್ದೂ ಇಂತಹ ಕಾರಣಗಳಿಂದಲೇ.

ಆದುದರಿಂದ ಮಧ್ಯಮಮಾರ್ಗವಾಗಿ ಗ್ರಂಥಸಂಪಾದಕರ ಶಿಸ್ತನ್ನೇ ಇಲ್ಲಿಗೂ ಅನ್ವಯಿಸಬಹುದು. ಓಲೆಯಲ್ಲಿ ಅಕ್ಷರವು ಲುಪ್ತವಾದ ಕಡೆ ಸಂಪಾದಕನು ಊಹೆಯ ಪಾಠವನ್ನು ಕಂಸದಲ್ಲಿ ಕೊಡುವನೇ ಹೊರತು ಓಲೆಯ ಮೇಲೆ ಕಂಠವನ್ನು ಹಿಡಿದು ಬರೆಯುವುದಿಲ್ಲ. ಹಾಗೆಯೇ ಹೊಸ ಶಕ್ತಿಮೂಲವು ಯಂತ್ರದ ಹೊರಗೆ, ಅಥವಾ ಮೂಲದ ಆಕಾರದಲ್ಲಿ ಹೊಸದಾಗಿ ಮಾಡಿದ ಪೆಟ್ಟಿಗೆಯೊಳಗೆ ಇರಬೇಕು. ಮೂಲದ ತಂತಿಯನ್ನೂ ಕೂಡುಗೊಂಡಿಯನ್ನೂ ಕತ್ತರಿಸಕೂಡದು. ಹೊಸದು ಹೊಸದೆಂದು ಅದರ ಮೇಲೆಯೇ ಬರೆದಿರಬೇಕು. ಮೂಲ ಬ್ಯಾಟರಿಯು ಸತ್ತ ಸ್ಥಿತಿಯಲ್ಲಿ ಒಳಗೇ ಇದ್ದರೆ ಅದನ್ನು ತಡಮಾಡದೆ ಹೊರತೆಗೆಯಬೇಕು. ಸೋರಿದ ನವಸಾಗರದ ಸರಿಯು ಹಿತ್ತಾಳೆಯನ್ನು ತಿಂದು ಹಸಿರುಗಟ್ಟಿಸುವುದು. ಹಾಗೆಂದು ಅದನ್ನು ಬಿಸುಡಬಾರದು. ಅದರ ಕಾಗದದ ಹೊದಿಕೆಯ ಮೇಲೆ ತಯಾರಿಕೆಯ ತಿಂಗಳೂ ವರ್ಷವೂ ಮುದ್ರಿತವಾಗಿರುವುದುಂಟು. ಯಂತ್ರವು ಕೊನೆಯದಾಗಿ ಬಳಕೆಯಲ್ಲಿದ್ದ ಕಾಲವನ್ನು ನಿರ್ಣಯಿಸುವುದಕ್ಕೆ ಅನೇಕವೇಳೆ ಅದೊಂದೇ ಸಾಕ್ಷಿ. ಶಾಸನದ ಕೊನೆಯ ಸಾಲಿನ ಶಕವರ್ಷಕ್ಕೆ ಸಮಾನ. ಶುಚಿಮಾಡುವವರು ಮೊದಲು ಕಿತ್ತೆಸೆಯುವುದೂ ಅದನ್ನೇ ಎಂಬುದು ಶೋಚನೀಯ.

ಈಗ ಗೌರಿಬಿದನೂರಿಗೆ ಬರೋಣ. ಪರಮಾಣು ಸ್ಫೋಟಗಳನ್ನು ದೂರದಿಂದ ಪತ್ತೆಮಾಡುವುದು ಸಾಧ್ಯವೆ ಎಂಬುದನ್ನು 1958ರಲ್ಲಿ ಜಿನೀವದಲ್ಲಿ ಕೂಡಿದ ತಜ್ಞರ ಸಮ್ಮೇಳನವು ಚರ್ಚಿಸಿತು. 1963ರ ಒಪ್ಪಂದವು ವಾಯುಮಂಡಲದಲ್ಲಿಯೂ ನೀರಿನಲ್ಲಿಯೂ ಅಂತರಿಕ್ಷದಲ್ಲಿಯೂ ಪರೀಕ್ಷೆಗಳನ್ನು ನಿಷೇಧಿಸಿತಾದರೂ ಭೂಗರ್ಭದ ಪರೀಕ್ಷೆಗಳನ್ನು ಬಿಟ್ಟಿತು. ಅವನ್ನು ಅರಿಯುವ ದಾರಿಯು ಭೂಕಂಪನವೊಂದೇ. ಆ ನಿಮಿತ್ತ ಬ್ರಿಟನ್ನಿನ ಪರಮಾಣು ಇಲಾಖೆಯವರು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಮುಂಗ ಎಂಬಲ್ಲಿ ಮಾಪಕಶ್ರೇಣಿಗಳನ್ನು ಸ್ಥಾಪಿಸುವುದರಲ್ಲಿ ಭಾಗಿಗಳಾದರು. ಟ್ರಾಂಬೆಯ ಪರಮಾಣು ಶಕ್ತಿ ಸಂಸ್ಥೆಯೊಡನೆ (1967ರಿಂದ ಅದು ಭಾಭಾ ಪರಮಾಣು ಸಂಶೋಧನ ಕೇಂದ್ರ) ಸೇರಿ ಗೌರಿಬಿದನೂರಿನಲ್ಲಿಯೂ ಒಂದನ್ನು ನಿರ್ಮಿಸಿದರು. ಇಲ್ಲಿಯ ಪುರಾತನ ಗಟ್ಟಿ ಬಂಡೆಯೂ, ಕಡಲಿನ ಮೊರೆತದಿಂದ ದೂರವಾಗಿರುವುದೂ ಇಂತಹ ಕಾರ್ಯಕ್ಕೆ ಅನುಕೂಲ. ಇಂಗ್ಲಿಷಿನ 'ಎಲ್' ಅಕ್ಷರದಂತೆ ಹರಡಿದ ಎರಡು ತೋಳುಗಳಲ್ಲಿ, ತೋಳಿಗೆ ಹತ್ತರಂತೆ, ಒಟ್ಟು ಇಪ್ಪತ್ತು ಮಾಪಕಗಳು.

ಇಂತಹ ಮಾಪಕದಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ವಿಶೇಷವುಂಟು. ಅದರೊಳಗೆ ಚುಂಬಕವೂ ತಂತಿಯ ಸುರುಳಿಯೂ ಇದ್ದು, ಭೂಮಿಯು ಅಲುಗಿದಾಗ ಅವುಗಳ ಪರಸ್ಪರ ಚಲನೆಯಿಂದಲೇ ವಿದ್ಯುತ್ತು ಹುಟ್ಟುತ್ತದೆ. ಗ್ರಹಿಸುವ ಅಂಗಕ್ಕೆ ಬ್ಯಾಟರಿಯೇ ಬೇಡ; ಭೂಮಿಯೇ ಅದನ್ನು ನಡೆಸುತ್ತದೆ. ಶಕ್ತಿಯು ಬೇಕಾದುದು ಆ ಕ್ಷೀಣ ಸಂಜ್ಞೆಯನ್ನು ವರ್ಧಿಸುವುದಕ್ಕೆ, ಸಾಗಿಸುವುದಕ್ಕೆ, ಬರೆದಿಡುವುದಕ್ಕೆ. ಫೀತೆಯ ಮೇಲೆ ಸಂಜ್ಞೆಯನ್ನು ಆವರ್ತನ ವ್ಯತ್ಯಾಸದ ರೂಪದಲ್ಲಿ ಬರೆಯುವ ಕ್ರಮವಿತ್ತು. ಈ ಕ್ರಮದಲ್ಲಿ ಫೀತೆಯ ವೇಗವು ಕೂದಲೆಳೆಯಷ್ಟು ಏರಿಳಿದರೂ ಆ ಏರಿಳಿತವೇ ಭೂಮಿಯ ಅಲುಗಾಟದಂತೆ ಕಾಣಿಸಿಕೊಳ್ಳುವುದು. ಅಂದರೆ ಓದುವ ಯಂತ್ರದ ಮೋಟಾರಿಗೆ ಒದಗುವ ವಿದ್ಯುತ್ತು ಸ್ಥಿರವಾಗಿಲ್ಲದಿದ್ದರೆ ಪಾಠವೇ ಅಪಪಾಠವಾಗುವುದು.

ಇದೇ ತಾಲ್ಲೂಕಿನಲ್ಲಿ 1976ರಲ್ಲಿ ಕಾರ್ಯಾರಂಭ ಮಾಡಿದ, 1000 ಆಂಟೆನಾಗಳಿಂದ 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶವನ್ನು ಆಲಿಸುತ್ತಿದ್ದ ರೇಡಿಯೋ ದೂರದರ್ಶಕವೂ ಯುದ್ಧದ ಸಂತತಿಯೇ. ಸೂರ್ಯನಿಂದ ರೇಡಿಯೋ ಅಲೆಗಳು ಬರುವುದನ್ನು ಹೇ ಎಂಬವನು 1942ರಲ್ಲಿ ಕಂಡುಕೊಂಡದ್ದು ಸೇನೆಯ ರೇಡಾರುಗಳ ಮೂಲಕ. ಲವೆಲನು 1945ರಲ್ಲಿ ಜೊಡ್ರೆಲ್ ಬ್ಯಾಂಕಿನಲ್ಲಿ ಕೆಲಸವನ್ನು ಆರಂಭಿಸಿದ್ದೂ ಸೇನೆಯಿಂದ ಪಡೆದ ರೇಡಾರಿನಿಂದಲೇ. ಬಿ.ಸಿ. 1000 ಯಂತ್ರವು 40ರಿಂದ 48 ಮೆಗಾಹರ್ಟ್ಸಿನೊಳಗೆ ಮಾತನಾಡುತ್ತಿತ್ತು, 34.5 ಅದರ ನೆರೆಯ ಆವರ್ತನ. ಅಗ್ಗದ ಪರಿವರ್ತಕಗಳು ಹೊರಡಿಸುವ ಗುಯ್ಗುಟ್ಟುವಿಕೆಯು ಹಳೆಯ ಯಂತ್ರದ ಕಿವಿಗೆ ಹೇಗೋ ಹಾಗೆ ಇಂತಹ ದೂರದರ್ಶಕದ ಕಿವಿಗೂ ಶತ್ರು.

ಮಾಪಕಶ್ರೇಣಿಯ ಫೀತೆಗಳ ಮಾತು ಇನ್ನೂ ಉಳಿದಿದೆ. ಈ ನಾಲ್ಕು ಶ್ರೇಣಿಗಳ ಹಳೆಯ ಫೀತೆಗಳಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ನೆಸ್ಟ್ ಕೇಂದ್ರವು ಇರಿಸಿಕೊಂಡವನ್ನು ಅಂಕರೂಪಕ್ಕೆ ತರುವ ಕೆಲಸವು ಅಲ್ಲಿ ನಡೆದಿದೆ. 1996ರಲ್ಲಿ ಸಮಗ್ರ ನಿಷೇಧದ ಒಪ್ಪಂದವು ಸಹಿಗೆ ತೆರೆದ ಮೇಲೆ ಸ್ಫೋಟಗಳು ವಿರಳವಾದುವು. 1960ರ ಮತ್ತು 1970ರ ದಶಕಗಳ ಸ್ಫೋಟಗಳನ್ನು ಮತ್ತೊಮ್ಮೆ ನಡೆಸಿ ಅಳೆಯುವಂತಿಲ್ಲ. ಅಂಕರೂಪದ ಪ್ರತಿಯೊಡನೆ ಆ ಫೀತೆಯನ್ನು ಯಾವ ಯಂತ್ರದಲ್ಲಿ, ಯಾವ ವೇಗದಲ್ಲಿ, ಯಾವ ಶಕ್ತಿಮೂಲದಿಂದ ಓದಲಾಯಿತು, ವೇಗದ ದೋಷವನ್ನು ಯಾವ ಕ್ರಮದಿಂದ ತಿದ್ದಲಾಯಿತು ಎಂಬ ಪೀಠಿಕೆಯೊಂದು ಇರಬೇಕಾದುದು ಅವಶ್ಯ; ಪ್ರತ್ಯಂತರಗಳ ವಿವರವಿಲ್ಲದೆ ಕಾವ್ಯದ ಪರಿಷ್ಕರಣವನ್ನು ನಾವು ಒಪ್ಪುವುದಿಲ್ಲವಷ್ಟೆ. ಗೌರಿಬಿದನೂರಿನ ಬಂಡೆಯು ದೂರದ ಸ್ಫೋಟಕ್ಕೆ ಅಲುಗಿದ ಅಳತೆಯೂ, ಓದುವ ಮೋಟಾರು ತೊದಲಿದ ಅಳತೆಯೂ ಆ ಗೆರೆಯಲ್ಲಿ ಒಟ್ಟಿಗೇ ಬರುತ್ತವೆ. ಇವೆರಡನ್ನು ಬೇರ್ಪಡಿಸುವುದಕ್ಕೆ ಆ ಪೀಠಿಕೆಯ ಹೊರತು ಓದುಗನ ಕೈಯಲ್ಲಿ ಬೇರೆ ಸಾಧನವಿಲ್ಲ.